ಮಾಳಪ್ಪನ ಹಂಗಾಮು

ಮೊನ್ನೆ ಚಿಕ್ಕೋಡಿಯಿಂದ ಕಾಗವಾಡಕ್ಕೆ ಹೊರಟಿದ್ದೆ. ತಂಗಿಯ ಮೊಮ್ಮಗನಿಗೆ ಹೆಸರಿಡುವ ಕಾರ್ಯ. ಅರ್ಧ ದಾರಿಯಲ್ಲಿ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. "ಅರ್ಧಾ ತಾಸ ಅಲ್ಲಾಡೂದಿಲ್ಲ, ಇಳದ ಚಾ ಕುಡದ ಬರ್ರಿ" ಎಂದು ಹೇಳಿ ಕಂಡಕ್ಟರ್ ತಾನೇ ಮೊದಲು ಇಳಿದುಹೋದ. ಆಗ ಕಿಟಕಿಯಿಂದ ಬಂತು ನೋಡಿ, ಕಾಕಂಬಿಯ ವಾಸನೆ. ಅರ್ಧ ಸಿಹಿ, ಅರ್ಧ ಹುಳಿ, ಒಮ್ಮೆ ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡದು. ಪಕ್ಕದ ಸೀಟಿನ ಹುಡುಗಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನನ್ನ ಕಡೆ ನೋಡಿದಳು. "ಯಾಕವ್ವಾ, ಸಕ್ಕರಿ ತಿನ್ನೂಮುಂದ ಮೂಗ ಮುಚ್ಕೋತಿಯೇನ?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ.

ಅಷ್ಟರಲ್ಲಿ ಹತ್ತಿರದ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿತು. ಪಾಳಿ ಬದಲಾಗುವುದನ್ನು ಸಾರುವ ಸೈರನ್ನು. ನಾನು ಸೀಟಿನಿಂದ ಎದ್ದು ನಿಂತು, ಚೀಲ ಹೆಗಲಿಗೆ ಹಾಕಿ, ಎರಡು ಹೆಜ್ಜೆ ನಡೆದೂ ಬಿಟ್ಟೆ. ನಿವೃತ್ತಳಾಗಿ ಎಷ್ಟೋ ವರ್ಷವಾಯಿತು, ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಹುಡುಗಿ ನಕ್ಕಳು, ನಾನೂ ನಕ್ಕೆ. ಕುಳಿತ ಮೇಲೆ ಮಾತ್ರ ನಗು ನಿಂತಿತು. ಆ ಭೋಂಗಾ ಕಬ್ಬು ಅರೆಯುವ ಒಂದು ಇಡೀ ಹಂಗಾಮನ್ನು ತಂದು ನನ್ನ ಮಡಿಲಿಗೆ ಹಾಕಿತ್ತು. ಅದು ಮಾಳಪ್ಪನ ಹಂಗಾಮು.

ಎಂಬತ್ತರ ದಶಕ ಮುಗಿಯಲು ಬಂದಿದ್ದ ಕಾಲ. ಕೃಷ್ಣೆಯ ದಂಡೆಯಿಂದ ಕೊಂಚ ದೂರದ ಒಂದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಆಗಷ್ಟೇ ಟೈಪಿಸ್ಟ್ ಆಗಿ ಸೇರಿದ್ದೆ. ಕಾರ್ಖಾನೆಯ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಅಂಥವು ಬೇಕಾದಷ್ಟಿವೆ, ಯಾವುದೆಂದುಕೊಂಡರೂ ನಡೆದೀತು. ಕೆಲಸಗಾರರ ಹಾಜರಿ, ರಜೆ, ನೇಮಕ ಎಲ್ಲ ಕಾಗದಗಳೂ ಹುಟ್ಟುತ್ತಿದ್ದದ್ದು ಟೈಮ್ ಆಫೀಸಿನಲ್ಲಿ. ನಮ್ಮೂರು ಸದಲಗಾ. ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. "ಮಾತಾಡೂಮುಂದ ಮರಾಠಿ ಬರಲಿ, ಹಿಂದಿ ಬರಲಿ. ಬರಿಯೂಮುಂದ ಮಾತ್ರ ಶುದ್ಧ ಕನ್ನಡಾ ಬರಿಬೇಕ ನೋಡು" ಎಂದು ನನ್ನನ್ನು ಬೆಳೆಸಿದ್ದರು. ಚಿಕ್ಕೋಡಿಯಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾದಾಗ ಓಣಿಗೆಲ್ಲ ಪೇಢೆ ಹಂಚಿದ್ದರು. ಆ ಶುದ್ಧ ಕನ್ನಡವೇ ಮುಂದೆ ನನ್ನನ್ನು ಪೇಚಿಗೆ ಹಾಕಿತು.

ನಮ್ಮ ಮೇಲಿನವರು ಲೇಬರ್ ಆಫೀಸರ್ ದೇಸಾಯಿ ಸಾಹೇಬರು. ಮನೆಮಾತು ಮರಾಠಿ. ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು, ಓದಲು ಮಾತ್ರ ಒಂದೊಂದು ಅಕ್ಷರದ ಮೇಲೂ ಬೆರಳಿಡಬೇಕಿತ್ತು. ಹಾಗಾಗಿ ಕನ್ನಡದ ಕಾಗದಗಳನ್ನು ಅವರು ಓದುತ್ತಲೇ ಇರಲಿಲ್ಲ. "ನೀವ ಟೈಪ್ ಮಾಡೀರಲ್ಲ ಬಾಯಿ, ಬರೋಬ್ಬರಿ ಇರತೈತಿ" ಎಂದು ಸಹಿ ಒತ್ತಿಬಿಡುವರು.

ಆ ವರ್ಷ ಚೇರ್ಮನ್ನರಿಗೆ ಬಾಸ್ಕೆಟ್‌ಬಾಲಿನ ಹುಚ್ಚು ಹಿಡಿದಿತ್ತು. ಅಥಣಿ ಕಡೆಯ ದ್ರಾಕ್ಷಿ ತೋಟದ ದೊಡ್ಡ ಮನೆತನದವರು ಅವರು. ಮಗನನ್ನು ಓದಲು ಬಿಟ್ಟಿದ್ದ ಕಾಲೇಜಿನಲ್ಲಿ ಯಾವುದೋ ಪಂದ್ಯ ನೋಡಿ ಬಂದವರೇ, ನಮ್ಮ ಕಾರ್ಖಾನೆಗೂ ಒಂದು ತಂಡ ಬೇಕು ಎಂದರು. ಸಕ್ಕರೆ ಗೋದಾಮಿನ ಪಕ್ಕ ಸಿಮೆಂಟಿನ ಅಂಗಳ ಎದ್ದಿತು. ಕಬ್ಬಿಣದ ರಿಂಗು ನಮ್ಮದೇ ವರ್ಕ್‌ಶಾಪಿನಲ್ಲಿ ಬಗ್ಗಿಸಿದ್ದು. ಅದಕ್ಕೆ ಬಲೆ ಹೆಣೆದುಕೊಟ್ಟವನು ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ಹೆಣೆಯುತ್ತಿದ್ದ ಒಬ್ಬ ಗಾಡಿಯವನು. ಗಾಡಿಯವರೆಲ್ಲ ಆ ಆಟಕ್ಕೆ 'ಬುಟ್ಟಿಚೆಂಡು' ಎಂದೇ ಹೆಸರಿಟ್ಟರು. ಆಟ ಕಲಿಸಲು ರಾಯಬಾಗದಿಂದ ಮುಲ್ಲಾ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಕೊರಳಲ್ಲಿ ಸೀಟಿ ಇಲ್ಲದೆ ಊಟಕ್ಕೂ ಕೂರುತ್ತಿರಲಿಲ್ಲ. ಮಾಳಪ್ಪನನ್ನು ಹುಡುಕಿ ತಂದವರು ಅವರೇ.

ಮಾಳಪ್ಪ ಚಿಂಚಲಿ ಕಡೆಯ ಕುರಿ ಸಾಕುವವರ ಮನೆಯವನು. ಇಪ್ಪತ್ತೊಂದು ವರ್ಷ. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠಕ್ಕಿಂತ ಹೆಚ್ಚು ಮೈದಾನದಲ್ಲಿ ಇದ್ದವನು. ಮೋಳಿ ಪೂಜೆಯ ಮರುದಿನ, ಅಂದರೆ ಹಂಗಾಮಿನ ಮೊದಲ ಕಬ್ಬಿನ ಕಟ್ಟನ್ನು ಪೂಜೆ ಮಾಡಿ ಗಾಣಕ್ಕೆ ಹಾಕಿದ ಮರುದಿನ, ಟೈಮ್ ಆಫೀಸಿನ ಕಿಟಕಿಯಲ್ಲಿ ಒಂದು ಅಂಗಿಯ ಗುಂಡಿಗಳು ಕಂಡವು. ಮುಖ ಕಾಣಲಿಲ್ಲ. ಆಮೇಲೆ ಅಂಗಿ ಬಗ್ಗಿತು, ಒಂದು ಕಪ್ಪು ನಗುಮುಖ ಇಳಿದು ಬಂತು.

"ಅಕ್ಕಾರ, ನನ್ನ ಕಾಗದಾ ಇಲ್ಲೇ ಕೊಡ್ತಾರೇನ್ರಿ?"

"ಕಾಗದಾ ಕೊಡೂಣು. ಮದಲ ನೀ ಎಷ್ಟನೇ ಅಂತಸ್ತಿನ್ಯಾಗ ಇರ್ತೀ ಹೇಳು" ಎಂದೆ. ಅವನು ನಾಚಿ ಕಿಟಕಿಯ ಚೌಕಟ್ಟಿಗೆ ತಲೆ ಬಡಿಸಿಕೊಂಡ.

ದೇಸಾಯಿ ಸಾಹೇಬರು ಒಳಗಿನಿಂದಲೇ ಕೂಗಿದರು: "ಸುಶೀಲಾಬಾಯಿ, ತ್ಯಾಚಾ ತಾತ್ಪುರ್ತಾ ಆರ್ಡರ್ ಕಾಢಾ." ಅವನಿಗೆ ಸದ್ಯದ ಮಟ್ಟಿಗಿನ ನೇಮಕದ ಆದೇಶ ಮಾಡಿಕೊಡಿ ಎಂದರ್ಥ. ನಾನು ಯಂತ್ರಕ್ಕೆ ಹಾಳೆ ಏರಿಸಿದೆ. ಅದು ನಾನು ಟೈಪು ಮಾಡಿದ ಮೊಟ್ಟಮೊದಲ ನೇಮಕಾತಿ ಆದೇಶ. 'ತಾತ್ಪುರ್ತಾ' ಎಂದು ಬರೆಯಲು ಬೆರಳು ಏಳಲಿಲ್ಲ, ಅಪ್ಪ ಕಣ್ಣಮುಂದೆ ಬಂದು ನಿಂತರು. ಟೈಪಿಂಗ್ ಪರೀಕ್ಷೆಯ ಪುಸ್ತಕದಲ್ಲಿ ಅದಕ್ಕೆ ಒಳ್ಳೆಯ ಶಬ್ದವೊಂದಿತ್ತು. ಪತ್ರಿಕೆಯಲ್ಲೂ ದಿನಾ ಓದುತ್ತಿದ್ದೆ: ಹಂಗಾಮಿ ಅಧ್ಯಕ್ಷ, ಹಂಗಾಮಿ ಶಿಕ್ಷಕ. 'ಸದರಿಯವರನ್ನು ಹಂಗಾಮಿ ನೌಕರರೆಂದು ನೇಮಿಸಲಾಗಿದೆ' ಎಂದು ಟೈಪು ಮಾಡಿ, ನನಗೆ ನಾನೇ ಭೇಷ್ ಎಂದುಕೊಂಡೆ. ಸಾಹೇಬರು ಓದದೆ ಸಹಿ ಮಾಡಿದರು. ಮೂಲ ಪ್ರತಿ ಮಾಳಪ್ಪನ ಕೈಗೆ ಹೋಯಿತು, ಕಾರ್ಬನ್ ಪ್ರತಿ ಫೈಲಿಗೆ. ಅವನು ಆ ಹಾಳೆಯನ್ನು ಹಣೆಗೆ ಒತ್ತಿಕೊಂಡು ಮಡಚಿ ಇಟ್ಟುಕೊಂಡ.

ಆ ಹಂಗಾಮಿನ ಚಳಿಗಾಲ ನೆನೆದರೆ ಈಗಲೂ ಮೈಗೆ ಹಿತವೆನಿಸುತ್ತದೆ. ಬೆಳಿಗ್ಗೆ ಮಂಜು, ಮಂಜಿನೊಳಗೆ ಎತ್ತಿನ ಗಂಟೆ, ಕಬ್ಬಿನ ಗಾಡಿಗಳ ಸಾಲು ರಸ್ತೆಯವರೆಗೆ. ಸಂಜೆ ಐದಕ್ಕೆ ಅಂಗಳದಲ್ಲಿ ಚೆಂಡಿನ ಸದ್ದು ಶುರುವಾದರೆ ಗಾಡಿಯವರು ತಮ್ಮ ಪಾಳಿ ಬಂದರೂ ಕದಲುತ್ತಿರಲಿಲ್ಲ. ಯಾರ್ಡಿನ ಗುಮಾಸ್ತ ಬೈದೂ ಬೈದೂ ಸಾಕಾಗಿ ತಾನೂ ನಿಂತು ನೋಡುವನು. ಮಾಳಪ್ಪ ಚೆಂಡನ್ನು ತಲೆಯ ಮೇಲೆ ಒಂದೇ ಕೈಯಲ್ಲಿ ಎತ್ತಿ ಹಿಡಿದು ನಿಂತನೆಂದರೆ, ಎದುರಿನವರು ನಾಲ್ಕು ಮಂದಿ ನೆಗೆದರೂ ಅದು ಎಟುಕುತ್ತಿರಲಿಲ್ಲ. "ಜಿಗೀರ್ಲೇ, ಜಿಗೀರಿ, ಮಾವಿನಕಾಯಿ ಐತಿ ಅಲ್ಲೆ!" ಎಂದು ಗಾಡಿಯವರು ಚಾಳಿಸುವರು. ನಾನು ಮನೆಗೆ ಹೋಗುವ ಬಸ್ಸನ್ನು ಎಷ್ಟು ಸಲ ಬೇಕೆಂದೇ ತಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಸಂಕ್ರಾಂತಿಯ ನಂತರ ನಿಪ್ಪಾಣಿಯಲ್ಲಿ ಪಂದ್ಯಾವಳಿ. ಆಫೀಸಿನವರೆಲ್ಲ ಕಾರ್ಖಾನೆಯ ಲಾರಿಯಲ್ಲಿ ಹೋಗಿದ್ದೆವು. ಮೈದಾನ ತಂಬಾಕಿನ ವಖಾರಿನ ಬೆನ್ನಿಗೇ ಇತ್ತು. ಗಾಳಿ ಬೀಸಿದಾಗೊಮ್ಮೆ ಇಡೀ ಮಂದಿ ಸೀನುವುದು. ನಿಪ್ಪಾಣಿಯವರಿಗೆ ಅದು ಅಭ್ಯಾಸ, ನಮ್ಮ ಹುಡುಗರು ಚೆಂಡು ಹಿಡಿಯುವುದೋ ಮೂಗು ಹಿಡಿಯುವುದೋ ತಿಳಿಯದೆ ಒದ್ದಾಡಿದರು. ಮಾಳಪ್ಪ ಟವೆಲ್ಲನ್ನು ಮೂಗಿಗೆ ಬಿಗಿದುಕೊಂಡು ಆಡಿದ. ಕೊನೆಯ ನಿಮಿಷದಲ್ಲಿ ಒಂದು ಬುಟ್ಟಿಯಷ್ಟು ಹಿಂದಿದ್ದೆವು, ಎರಡು ಬುಟ್ಟಿ ಹಾಕಿ ಗೆಲ್ಲಿಸಿದ. ಮುಲ್ಲಾ ಮಾಸ್ತರರು ಅಳುತ್ತಿದ್ದರೋ ಸೀನುತ್ತಿದ್ದರೋ ಇಂದಿಗೂ ನನಗೆ ಗೊತ್ತಿಲ್ಲ.

ಚೇರ್ಮನ್ನರು ಅಂಗಳಕ್ಕೆ ಧಾವಿಸಿ ಬಂದರು. ಮಾಳಪ್ಪನ ಕೈ ಮೇಲೆತ್ತಲು ಹೋದರು, ಎತ್ತಿದ್ದು ಅವನ ಮೊಣಕೈ. "ಮಾಳಪ್ಪ ನಮ್ಮ ಮನಿ ಮಗಾ ಇದ್ದಂಗ. ಇವನ್ನ ನಾವು ಕಾಯಂ ಮಾಡ್ತೇವ!" ಎಂದು ಎಲ್ಲರ ಮುಂದೆ ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ಮಾಳಪ್ಪನ ಅಪ್ಪ ಚಿಂಚಲಿಯಿಂದ ಕಂಬಳಿ ಹೊದ್ದು ಬಂದು ಮೂಲೆಯಲ್ಲಿ ಕೂತಿದ್ದರು. 'ಕಾಯಂ' ಎಂಬ ಒಂದು ಶಬ್ದವನ್ನು ಹಿಡಿದುಕೊಂಡು ಊರಿಗೆ ಹೋದರು, ಊರತುಂಬ ಹೇಳಿದರು.

ಆಮೇಲೆ ಕಾಗದ ಬರಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ದಿನಾ ಮಧ್ಯಾಹ್ನ ಕಿಟಕಿಯಲ್ಲಿ ಅಂಗಿ ಬಗ್ಗುತ್ತಿತ್ತು.

"ಅಕ್ಕಾರ, ಬಂತೇನ್ರಿ?"

"ಇಲ್ಲೋ ತಮ್ಮಾ. ಸಾಹೇಬ್ರಿಗೆ ಕೇಳೇನಿ. ನೋಡೋಣು ಅಂದಾರ."

ಈ 'ನೋಡೋಣು' ಎಂಬ ಶಬ್ದದಷ್ಟು ಸಂಕಟ ಕೊಡುವ ಶಬ್ದ ಕನ್ನಡದಲ್ಲಿ ಇನ್ನೊಂದಿಲ್ಲ. ಇಲ್ಲ ಎಂದುಬಿಟ್ಟರೆ ಅತ್ತಾದರೂ ಹಗುರಾಗಬಹುದು. ನೋಡೋಣು ಎಂದರೆ ನಾಳೆಯೂ ಬರಬೇಕು. ಚೇರ್ಮನ್ನರು ಆಡಳಿತ ಮಂಡಳಿಯ ಸಭೆಯಲ್ಲಿ ನೋಡೋಣು ಎಂದರಂತೆ. ಮಂಡಳಿಯಲ್ಲಿ ಇಬ್ಬರು ತಮ್ಮ ತಮ್ಮ ಸೋದರಳಿಯಂದಿರನ್ನೂ ಕಾಯಂ ಮಾಡಿ, ಆಮೇಲೆ ಇವನನ್ನು ನೋಡೋಣು ಎಂದರಂತೆ. ದೇಸಾಯಿ ಸಾಹೇಬರು ಅಲ್ಲಿಂದ ಬಂದು ನಮಗೆ ನೋಡೋಣು ಎಂದರು. ನಾನು ಮಾಳಪ್ಪನಿಗೆ ಹೇಳಿದೆ. ನನ್ನದೂ ಆಗ ಆರು ತಿಂಗಳ ಪ್ರೊಬೇಷನ್, ಗಟ್ಟಿಯಾಗಿ ಕೇಳುವ ಧೈರ್ಯ ನನಗೂ ಇರಲಿಲ್ಲ.

ಮಹಾಶಿವರಾತ್ರಿಯ ಹೊತ್ತಿಗೆ ಅವನಿಗೊಂದು ಪತ್ರ ಬಂತು. ನಿಪ್ಪಾಣಿಯಲ್ಲಿ ಅವನ ಆಟ ನೋಡಿದ್ದ ಪುಣೆ ಕಡೆಯ ಒಂದು ಕಾರ್ಖಾನೆಯವರದು. ಆಟಗಾರನೆಂದೇ ಕಾಯಂ ನೌಕರಿ. ಯುಗಾದಿ ಪಾಡ್ಯದ ದಿನ ಬಂದು ಹಾಜರಾಗಬೇಕು, ಬರುವಾಗ ಈಗಿನ ಕಾರ್ಖಾನೆಯ ಬಿಡುಗಡೆ ಪತ್ರ ತರಬೇಕು. ಮಾಳಪ್ಪ ಮರಾಠಿಯಲ್ಲಿದ್ದ ಆ ಪತ್ರವನ್ನು ನನ್ನಿಂದ ಮೂರು ಸಲ ಓದಿಸಿಕೊಂಡ. ಮುಲ್ಲಾ ಮಾಸ್ತರರು ಅದನ್ನು ಹಿಡಿದುಕೊಂಡು ನೇರವಾಗಿ ದೇಸಾಯಿ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತರು.

"ಸಾಹೇಬ್ರ, ಹುಡುಗನ್ನ ಕಾಯಂ ಮಾಡ್ರಿ, ಇಲ್ಲಾ ಸೋಡಚೀಟಿ ಕೊಟ್ಟ ಬಿಡ್ರಿ."

ನಮ್ಮ ಕಡೆ ಸೋಡಚೀಟಿ ಎಂದರೆ ಗಂಡ ಹೆಂಡಿರು ಬಿಡುವಾಗ ಬರೆಯುವ ಚೀಟಿ. ನನಗೆ ನಗು ತಡೆಯಲಾಗಲಿಲ್ಲ. ಸಾಹೇಬರು ನಗಲಿಲ್ಲ.

"ಚೇರ್ಮನ್ರು ಮಾತ ಕೊಟ್ಟಾರ ಮಾಸ್ತರ. ಹುಡುಗನ್ನ ಯಾಕ ಬಿಟ್ಟ ಕೊಟ್ಟಿ ಅಂತ ನಾಳಿಗಿ ನನ್ನ ಕೇಳ್ತಾರ. ಹಂಗಾಮ ಮುಗೀಲಿ. ಮುಗದ ಮರುದಿನ ಮಂಡಳಿ ಕೂಡತೈತಿ, ಕಾಯಂ ಇಲ್ಲಾ ಬಿಡುಗಡೆ, ಎರಡರಾಗ ಒಂದ ಅವನ ಕೈಯಾಗ ಇಡ್ತೇನಿ. ವರ್ಷಾ ಪಾಡ್ಯಕ್ಕಿಂತ ಮದಲ ಹಂಗಾಮ ಮುಗಿಯೂದಿಲ್ಲೇನು?"

ಅದು ಸುಳ್ಳಾಗಿರಲಿಲ್ಲ. ಪ್ರತಿ ವರ್ಷ ಹಂಗಾಮು ಪಾಡ್ಯಕ್ಕೆ ಹತ್ತು ದಿನ ಮೊದಲೇ ಮುಗಿಯುತ್ತಿತ್ತು. ಮಾಸ್ತರರು ಒಪ್ಪಿದರು, ಮಾಳಪ್ಪನೂ ಒಪ್ಪಿದ. ಇಲ್ಲೇ ಇದ್ದರೆ ಒಳ್ಳೆಯದೆಂದೇ ಅವನ ಆಸೆ. "ಇಲ್ಲಿ ಗಾಡ್ಯಾವ್ರು ನನ್ನ ಆಟಾ ನೋಡ್ತಾರ್ರಿ ಅಕ್ಕಾರ. ಅಲ್ಲಿ ಯಾರಿಗೆ ನಾ ಯಾರ?" ಎಂದ.

ಆದರೆ ಹಿಂದಿನ ಎರಡು ಮಳೆಗಾಲ ಚೆನ್ನಾಗಿದ್ದವು. ಹೊಳೆಯ ಎರಡೂ ದಂಡೆಯಲ್ಲಿ ಜಾಗ ಕಂಡಲ್ಲೆಲ್ಲ ಜನ ಕಬ್ಬು ಹಚ್ಚಿದ್ದರು. ಹೋಳಿಹುಣ್ಣಿಮೆ ಹೋಯಿತು, ಗಾಡಿಯ ಸಾಲು ಕರಗಲಿಲ್ಲ. ಮಾಳಪ್ಪ ದಿನಾ ಬೆಳಿಗ್ಗೆ ಯಾರ್ಡಿಗೆ ಹೋಗಿ ಗಾಡಿ ಎಣಿಸತೊಡಗಿದ. "ಇವತ್ತ ಎಷ್ಟೋ?" ಎಂದರೆ "ನಿನ್ನೀಗಿಂತ ಜಾಸ್ತಿರಿ" ಎನ್ನುವನು. ಕಬ್ಬು ಬೆಳೆದದ್ದಕ್ಕೆ ಮರುಗಿದವರು ಆ ವರ್ಷ ಇಡೀ ಸೀಮೆಯಲ್ಲಿ ನಾವಿಬ್ಬರೇ ಇರಬೇಕು.

ಪಾಡ್ಯದ ಹಿಂದಿನ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಟ್ರಂಕು ಹಿಡಿದುಕೊಂಡೇ ಬಂದ. ಸಾಹೇಬರು ಇರಲಿಲ್ಲ, ಚೇರ್ಮನ್ನರ ಜೊತೆ ಬೆಳಗಾವಿಗೆ ಹೋಗಿದ್ದರು. ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಟ್ರಂಕಿಟ್ಟು ಅದರ ಮೇಲೆ ಕೂತ. ಮೊದಲ ಪಾಳಿಯ ಭೋಂಗಾ ಆಯಿತು, ಎರಡನೆಯದೂ ಆಯಿತು. ಪುಣೆಗೆ ಹೋಗಲು ಅವನು ಹಿಡಿಯಬೇಕಿದ್ದ ಕೊಲ್ಹಾಪುರದ ಕೊನೆಯ ಬಸ್ಸು ಗೇಟಿನ ಮುಂದೆ ನಿಂತು ಹೋಯಿತು. ಮರುದಿನ ಹಬ್ಬಕ್ಕೆ ರಜೆ. ಅದರ ಮರುದಿನ ಅವನಿಗೆಂದು ನಾನು ಮನೆಯಿಂದ ಹೋಳಿಗೆ ಕಟ್ಟಿಸಿಕೊಂಡು ಬಂದೆ. ತಿಂದ, ಚಲೋ ಆಗ್ಯಾವ್ರಿ ಎಂದ, ಡಬ್ಬಿ ತೊಳೆದು ತಂದುಕೊಟ್ಟ.

ಎಂಟು ದಿನಕ್ಕೆ ಪುಣೆಯಿಂದ ಕಾರ್ಡು ಬಂತು: ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ. ಅದನ್ನೂ ನಾನೇ ಓದಿ ಹೇಳಿದೆ. ಅವನು ಸಿಟ್ಟಾಗಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಂಗಾಮ ಮುಗೀಲಿ ಅಂದ್ರು, ಕಾದ್ನಿ. ಕಬ್ಬ ಮುಗೀಲಿಲ್ರಿ ಅಕ್ಕಾರ. ಯಾರಿಗೆ ಅನ್ಲಿ?" ಎಂದನಷ್ಟೆ.

ನಾನು ರೆಕಾರ್ಡ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವನಿಗಾಗಿ ಅತ್ತೆನೋ, ಬಾಯಿ ಬಿಡದ ನನ್ನ ಹೇಡಿತನಕ್ಕೆ ಅತ್ತೆನೋ ಗೊತ್ತಿಲ್ಲ. ಆಮೇಲೆ ಅವನ ಆಟವೂ ಕುಗ್ಗಿತು. ಸಂಜೆ ಅಂಗಳದಲ್ಲಿ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು, ಮೊದಲಿನ ಚಪ್ಪಾಳೆ ಕೇಳುತ್ತಿರಲಿಲ್ಲ.

ಹಂಗಾಮು ಮುಗಿದಾಗ ಮೇ ತಿಂಗಳು. ಕೊನೆಯ ಗಾಡಿಗೆ ಮಾವಿನ ತೋರಣ ಕಟ್ಟಿ, ಎತ್ತಿನ ಕೋಡಿಗೆ ಗುಲಾಲು ಹಚ್ಚಿ, ಹಲಗೆ ಬಾರಿಸುತ್ತ ಗಾಣದವರೆಗೆ ತಂದರು. ಕಬ್ಬು ಒಳಗೆ ಹೋದ ಮೇಲೆ ಐದು ನಿಮಿಷ ಒಂದೇ ಸಮನೆ ಭೋಂಗಾ. ಅದು ನಿಂತಾಗ ಎಷ್ಟೋ ತಿಂಗಳ ಮೇಲೆ ಹಕ್ಕಿಗಳ ದನಿ ಕೇಳಿಸಿತು. ಮರುದಿನ ಮಂಡಳಿಯೇನೋ ಕೂಡಿತು. ಬಾಸ್ಕೆಟ್‌ಬಾಲ್ ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿತು. ಚೇರ್ಮನ್ನರಿಗೆ ಅಷ್ಟರಲ್ಲಿ ಕುಸ್ತಿಯ ಹುಚ್ಚು ಹಿಡಿದಿತ್ತು. ಮುಲ್ಲಾ ಮಾಸ್ತರರು ಯಾರಿಗೂ ಹೇಳದೆ ರಾಯಬಾಗದ ಬಸ್ಸು ಹತ್ತಿದರು.

"ಮಾಳಪ್ಪನ ರಿಲೀವ್ ಆರ್ಡರ್ ಮಾಡ್ರಿ ಬಾಯಿ" ಎಂದು ದೇಸಾಯಿ ಸಾಹೇಬರು ನನ್ನ ಮುಖ ನೋಡದೆ ಹೇಳಿದರು.

ಹಳೆಯ ಆದೇಶದ ಮಾತುಗಳನ್ನೇ ಎತ್ತಿ ಬರೆಯಲೆಂದು ಫೈಲು ಬಿಚ್ಚಿದೆ. ಕಾರ್ಬನ್ ಪ್ರತಿಯ ಮೇಲೆ ಕಣ್ಣು ಬಿತ್ತು. 'ಹಂಗಾಮಿ ನೌಕರ.'

ಏಳು ತಿಂಗಳಲ್ಲಿ ನಾನು ಆ ಕಾರ್ಖಾನೆಯ ಭಾಷೆ ಕಲಿತಿದ್ದೆ. ಅಲ್ಲಿ ಕೆಲಸಗಾರರು ಮೂರು ಥರ. ಕಾಯಂ ಎಂದರೆ ವರ್ಷಪೂರ್ತಿ. ತಾತ್ಪುರ್ತಾ ಎಂದರೆ ಇಂದು ಬಾ, ನಾಳೆ ಹೋಗು. ಇವೆರಡರ ನಡುವೆ ಹಂಗಾಮಿ. ಅಂದರೆ ಹಂಗಾಮಿಗೆ ಸೇರಿದವರು: ಹಂಗಾಮು ಮುಗಿದಾಗ ಮನೆಗೆ ಹೋಗುತ್ತಾರೆ, ಮುಂದಿನ ಮೋಳಿ ಪೂಜೆಗೆ ಕಾರ್ಖಾನೆ ಅವರನ್ನು ಕರೆಯಲೇಬೇಕು. ಕರೆಯದಿದ್ದರೆ ಯೂನಿಯನ್ನಿನವರು ಗೇಟಿನಲ್ಲಿ ಕೂರುತ್ತಾರೆ. ಕಾಯಂ ಜಾಗ ಖಾಲಿಯಾದರೆ ಮೊದಲ ಹಕ್ಕು ಅವರದೇ. ಪತ್ರಿಕೆಯ ಕನ್ನಡದಲ್ಲಿ ಎರಡು ದಿನಕ್ಕೆ ಬಂದುಹೋಗುವವನು ಹಂಗಾಮಿ; ನಮ್ಮ ಗೇಟಿನೊಳಗೆ ಹಂಗಾಮಿ ಎಂದರೆ ಕಡಿದರೂ ಮತ್ತೆ ಚಿಗುರುವ ಕಬ್ಬಿನ ಕೂಳೆ. ನನ್ನ ಶುದ್ಧ ಕನ್ನಡ ಮಾಳಪ್ಪನನ್ನು ಯಾರಿಗೂ ಗೊತ್ತಿಲ್ಲದೆ ಆ ಸಾಲಿನಲ್ಲಿ ಕೂರಿಸಿಬಿಟ್ಟಿತ್ತು.

ಮುಚ್ಚಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನ್ನ ಯಂತ್ರದ ಸದ್ದು ಏಳದ್ದು ಕಂಡು ಸಾಹೇಬರೇ ಕೇಳಿದರು: "ಕಾಯ್ ಝಾಲಂ, ಏನಾತು?" ಫೈಲನ್ನು ಅವರ ಮುಂದಿಟ್ಟೆ. ಬೆರಳಿಟ್ಟು ಒಂದೊಂದಕ್ಷರ ಓದಿದರು. ಹಂ, ಗಾ, ಮಿ.

"ಹೇ ಕಾಯ್ ಕೇಲಂ ಬಾಯಿ, ಇದೇನ ಮಾಡಿದ್ರಿ? ತಾತ್ಪುರ್ತಾ ಅಂತ ಹೇಳಿದ್ನಲ್ಲಾ ನಾ?"

"ಕನ್ನಡದಾಗ ತಾತ್ಪುರ್ತಾ ಅಂದ್ರ ಹಂಗಾಮಿ ರೀ ಸಾಹೇಬ್ರ."

"ಇಲ್ಲಿ ಹಂಗಾಮಿ ಅಂದ್ರ ಹಂಗಾಮಿ!" ಎಂದು ಮೇಜು ಗುದ್ದಿದರು. ಆಮೇಲೆ ದನಿ ತಗ್ಗಿಸಿದರು. ಅವರ ಮುಖ ಬಿಳಿಚಿತ್ತು. ಸಹಿ ಅವರದು, ಟೈಪು ನನ್ನದು. ಮಂಡಳಿಗೆ ತಿಳಿದರೆ ಇಬ್ಬರಿಗೂ ಉಳಿಗಾಲವಿಲ್ಲ. ನನ್ನ ಪ್ರೊಬೇಷನ್ ಮುಗಿದರೂ ಕಾಯಂ ಕಾಗದ ಇನ್ನೂ ಅವರ ಡ್ರಾವರಿನಲ್ಲೇ ಇತ್ತು. "ಹೊಸಾದ ಟೈಪ್ ಮಾಡ್ರಿ, ಅದೇ ತಾರೀಖ ಹಾಕ್ರಿ. ಅವನ ಕಡೆ ಇರೂ ಕಾಗದಾ ಇಸ್ಕೊಂಡ ಬರ್ರಿ. ಅಕ್ಷರ ತಪ್ಪ್ಯಾವು, ತಿದ್ದಿ ಕೊಡ್ತೇವಿ ಅಂತ ಹೇಳ್ರಿ. ನೀವ ಕೇಳಿದ್ರ ಕೊಡ್ತಾನ."

ನಾನು ಕೇಳಿದರೆ ಕೊಡುತ್ತಾನೆ. ಅದು ನನಗೂ ಗೊತ್ತಿತ್ತು.

ಉರಿಬಿಸಿಲು. ಮಾಳಪ್ಪ ಅಂಗಳದ ಪಕ್ಕದ ಬೇವಿನ ನೆರಳಲ್ಲಿ ಟ್ರಂಕು ಕಟ್ಟುತ್ತಿದ್ದ. "ತಮ್ಮಾ, ಆ ಮದಲಿನ ಆರ್ಡರ್ ಐತೇನೋ? ಒಂದ ಅಕ್ಷರ ತಪ್ಪೇತಿ..." ಎನ್ನುವಷ್ಟರಲ್ಲಿ, ಮಾತು ಮುಗಿಯುವ ಮೊದಲೇ, ಟ್ರಂಕಿನ ತಳದಿಂದ ತೆಗೆದ. ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿ, ಅವರಪ್ಪ ಕೊಟ್ಟ ದೇವರ ಭಂಡಾರದ, ಅಂದರೆ ಅರಿಸಿನದ, ಪೊಟ್ಟಣದ ಜೊತೆ ಇಟ್ಟಿದ್ದ. ಕಾಗದದ ಅಂಚು ಹಳದಿಯಾಗಿತ್ತು.

"ತಗೋರಿ ಅಕ್ಕಾರ" ಎಂದು ಎರಡೂ ಕೈಯಿಂದ ಕೊಟ್ಟ.

ಆ ಕಾಗದ ನನ್ನ ಕೈಯಲ್ಲಿ ಎಷ್ಟು ಹೊತ್ತಿತ್ತೋ. ಅವನಿಗೆ ಚೇರ್ಮನ್ನರು ಮಾತು ಕೊಟ್ಟಿದ್ದರು, ಸಾಹೇಬರು ಮಾತು ಕೊಟ್ಟಿದ್ದರು, ನಾನು ದಿನಾ ಆ ಮಾತುಗಳನ್ನು ಕಿಟಕಿಯಿಂದ ಆಚೆ ದಾಟಿಸಿದ್ದೆ. ಏಳು ತಿಂಗಳಲ್ಲಿ ಅವನ ಕೈಗೆ ನಿಜವಾಗಿ ಸಿಕ್ಕಿದ್ದು ಇದೊಂದೇ, ಅದೂ ನನ್ನ ತಪ್ಪಿನಿಂದ. ಇದನ್ನೂ ಕಿತ್ತುಕೊಂಡು ಹೋದರೆ ನಾನು ಯಾವ ಮುಖದಿಂದ ಅಪ್ಪನ ಮುಂದೆ ಕೂತು ಉಣ್ಣಲಿ? ನೌಕರಿ ಹೋದರೆ ಹೋಗಲಿ ಎನಿಸಿತು. ಕಾಗದವನ್ನು ಮಡಚಿ ಅವನ ಅಂಗಿಯ ಜೇಬಿಗೆ ತುರುಕಿದೆ.

"ಕೇಳಿಲ್ಲೆ ಮಾಳಪ್ಪ. ಈ ಕಾಗದಾ ಜ್ವಾಕಿ. ಯಾರ ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ. ತಿಳೀತೇನ?"

"ನೀವ ಕೇಳಿದ್ರೂ?"

"ನಾ ಕೇಳಿದ್ರೂ! ಮೋಳಿ ಪೂಜಿ ದಿನಾ ಇದನ್ನ ತಗೊಂಡ ಗೇಟಿಗೆ ಬಾ."

ಅವನಿಗೆ ಏನೂ ಅರ್ಥವಾಗಲಿಲ್ಲ, ತಲೆಯಾಡಿಸಿದ. ನಾನು ಆಫೀಸಿಗೆ ಬಂದು ಸಾಹೇಬರ ಮುಂದೆ ನಿಂತೆ.

"ಕೊಡಲಿಲ್ರಿ."

"ಕೊಡಲಿಲ್ಲ?"

"ಇಲ್ರಿ. ಎಷ್ಟ ಹೇಳಿದ್ರೂ ಕೊಡಲಿಲ್ಲ."

ದೇಸಾಯಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕಿಟಕಿಯಿಂದ ಬೇವಿನ ಗಿಡದ ಕಡೆ ನೋಡಿದರು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

"ಛಲೋ ಮಾಡಿದ" ಎಂದರು. "ಇರಲಿ. ಹಂಗಾಮಿಯವ್ರ ಯಾದಿಯೊಳಗ ಅವನ ಹೆಸರ ಸೇರಸ್ರಿ." ಡ್ರಾವರು ಎಳೆದು ನನ್ನ ಕಾಯಂ ಕಾಗದವನ್ನೂ ಹೊರಗೆ ತೆಗೆದರು. ಅವರನ್ನು ನಾನು ಎಷ್ಟು ಬೈದುಕೊಂಡಿದ್ದೆ! ಪಾಪ, ಹೌದು ಎನ್ನುವ ಅಧಿಕಾರ ಇಲ್ಲದ ಮನುಷ್ಯ ಅವರು. ಅಂದು ಸಿಕ್ಕ ಒಂದು ಸಂದಿಯಲ್ಲಿ ಹೌದು ಎಂದರು.

ಮುಂದಿನ ಮೋಳಿ ಪೂಜೆಗೆ ಮಾಳಪ್ಪ ಬಂದ. ಯೂನಿಯನ್ನಿನವರೇ ಅವನನ್ನು ಒಳಗೆ ಕರೆದುಕೊಂಡರು. ಆದರೆ ತಂಡವಿರಲಿಲ್ಲ, ಅವನಿಗೆ ಸಿಕ್ಕಿದ್ದು ಯಾರ್ಡಿನಲ್ಲಿ ಗಾಡಿಗಳಿಗೆ ನಂಬರು ಕೊಡುವ ಕೆಲಸ. ಸಿಮೆಂಟಿನ ಅಂಗಳದಲ್ಲಿ ಖಾಲಿ ಚೀಲಗಳ ರಾಶಿ ಬಿತ್ತು, ರಿಂಗು ಮಾತ್ರ ಉಳಿಯಿತು. ಪಾಳಿ ಮುಗಿದ ಮೇಲೆ ಕೆಲವು ಸಂಜೆ ಚೀಲಗಳನ್ನು ಸರಿಸಿ ಒಬ್ಬನೇ ಚೆಂಡು ಹಾಕುವನು, ಎರಡು ಹಂಗಾಮು ಹಾಗೆ ಮಾಡಿದ, ಆಮೇಲೆ ಬಿಟ್ಟ. ಆ ವರ್ಷ ಪಾಡ್ಯಕ್ಕೆ ಅವನು ಪುಣೆಗೆ ಹೋಗಿದ್ದರೆ ಎಂದು ಇಂದಿಗೂ ಅಂದುಕೊಳ್ಳುತ್ತೇನೆ. ನಾನು ಉಳಿಸಿದ್ದು ಅವನ ನೌಕರಿಯನ್ನು. ಆಟ ಉಳಿಸಲು ನನ್ನಿಂದ ಆಗಲಿಲ್ಲ.

ತೊಂಬತ್ತರ ದಶಕದ ನಡುವೆ ಯಾರ್ಡಿನಲ್ಲಿ ಒಂದು ಕಾಯಂ ಜಾಗ ಖಾಲಿಯಾಯಿತು. ಹಕ್ಕು ಮಾಳಪ್ಪನದು. ದೇಸಾಯಿ ಸಾಹೇಬರು ಆಗಲೇ ನಿವೃತ್ತರಾಗಿದ್ದರು, ನಾನು ಹೆಡ್ ಕ್ಲರ್ಕ್ ಆಗಿದ್ದೆ. ಹಳೆಯ ಫೈಲಿನ ಕಾರ್ಬನ್ ಪ್ರತಿ ಗೆದ್ದಲಿಗೆ ಆಹುತಿಯಾಗಿತ್ತು, ಮೊದಲ ಆದೇಶದ ಮೂಲ ಪ್ರತಿ ಬೇಕಾಯಿತು. ಕಿಟಕಿಯಲ್ಲಿ ಅಂಗಿ ಬಗ್ಗಿತು. ಕಿವಿಯ ಮೇಲೆ ಒಂದೆರಡು ನರೆಗೂದಲು, ನಗು ಅದೇ.

"ತಂದೀಯೇನೋ? ಕೊಡ ಇಲ್ಲೆ" ಎಂದು ಕೈ ಚಾಚಿದೆ.

"ಕೊಡೂದಿಲ್ರಿ."

"ಏ, ಚಾಷ್ಟಿ ಮಾಡಬ್ಯಾಡ. ನಿನ್ನ ಕಾಯಂ ಆರ್ಡರಿಗೇ ಬೇಕಾಗೇತಿ."

"ನೀವ ಹೇಳೀರಲ್ರಿ ಅಕ್ಕಾರ. ನೀವ ಕೇಳಿದ್ರೂ ಕೊಡಬ್ಯಾಡ ಅಂತ." ಹೇಳುತ್ತ ಹೇಳುತ್ತ ಬಾಗಿಲಿನಿಂದ ಒಳಗೇ ಬಂದ. ಪ್ಲಾಸ್ಟಿಕ್ಕಿನಿಂದ ಕಾಗದ ತೆಗೆದು ಬಿಡಿಸಿ, ತಲೆಯ ಮೇಲೆ ಎತ್ತಿ ಹಿಡಿದು ನಿಂತ. "ಓದ್ಕೊಂಡ ಬರ್ಕೋರಿ. ಕೈಗೆ ಮಾತ್ರ ಕೊಡಂಗಿಲ್ಲ."

ಆಫೀಸಿನ ಹೊಸ ಹುಡುಗರು ನಾಲ್ವರು ಎದ್ದು ನೆಗೆದು ನೋಡಿದರು. ಯಾರ ಕೈಗೂ ಎಟುಕಲಿಲ್ಲ. ಕಿಟಕಿಯ ಆಚೆಯಿಂದ ಯಾರೋ ಹಳೆಯ ಗಾಡಿಯವನು "ಜಿಗೀರ್ಲೇ, ಜಿಗೀರಿ!" ಎಂದು ಕೂಗಿದ. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಮುಖವೆತ್ತಿ ಒಂದೊಂದೇ ಸಾಲು ಓದಿಕೊಂಡು, ನಾನೇ ಯಂತ್ರದ ಮುಂದೆ ಕೂತು ಅವನ ಆದೇಶ ಟೈಪು ಮಾಡಿದೆ. ಮಾಳಪ್ಪ ಅದು ಮುಗಿಯುವವರೆಗೂ ಕೈ ಇಳಿಸಲಿಲ್ಲ.